ಬೇಸ್‌ಮೆಂಟ್ ಗೋಡೆಗೆ ದಪ್ಪ ಕಂಬಿ ಒಳಗಡೆಯೋ, ಮಣ್ಣಿನ ಕಡೆಯೋ?

ಮನೆಕನಸು

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುತ್ತಿದ್ದೇವೆ. ಇಳಿಜಾರು ಸೈಟು, ಅದಕ್ಕೇ ಕೆಳಗೆ ಬೇಸ್‌ಮೆಂಟ್ ಬರುತ್ತದೆ. ಮೂರು ಕಡೆ ಮಣ್ಣು, ಮುಂದಿನ ಕಡೆ ಬಯಲು. ಗೋಡೆ 3 ಮೀಟರ್ ಎತ್ತರ, 250 ಮಿ.ಮೀ. ದಪ್ಪ, ಪೂರ್ತಿ ಆರ್‌ಸಿಸಿ. ಈಗ ಫೂಟಿಂಗ್‌ಗೆ ಕಂಬಿ ಕಟ್ಟುತ್ತಿದ್ದಾರೆ.

ನಮ್ಮ ಡ್ರಾಯಿಂಗ್‌ನಲ್ಲಿ ಗೋಡೆಯ ದಪ್ಪ ಕಂಬಿಗಳು ಒಳಗಡೆ, ಅಂದರೆ ಕೋಣೆಯ ಕಡೆ ಇವೆ. ಮೇಸ್ತ್ರಿ ಇದು ತಪ್ಪು ಅಂತಾರೆ. ಮಣ್ಣು ತಡೆಯುವ ಗೋಡೆಗೆ ಯಾವತ್ತೂ ಮಣ್ಣಿನ ಕಡೆಗೇ ದಪ್ಪ ಕಂಬಿ ಹಾಕಬೇಕು, ಎಷ್ಟೋ ಗೋಡೆ ಹಾಗೇ ಕಟ್ಟಿದ್ದೀನಿ ಅಂತಾರೆ. ಡ್ರಾಯಿಂಗ್ ಮಾಡಿದ ಎಂಜಿನಿಯರ್ ಫೋನಿನಲ್ಲಿ "ಡ್ರಾಯಿಂಗ್‌ನಲ್ಲಿ ಇರುವ ಹಾಗೇ ಮಾಡಿ" ಅಂದರು. ಯಾಕೆ ಅಂತ ಹೇಳಲಿಲ್ಲ.

ಇನ್ನೊಂದು. ತೋಡಿದ ಮಣ್ಣು ಸೈಟಿನ ತುಂಬಾ ಗುಡ್ಡೆ ಬಿದ್ದಿದೆ. ಜಲ್ಲಿ, ಮರಳು ಇಳಿಸಲು ಜಾಗವಿಲ್ಲ. ಗೋಡೆ ಎದ್ದ ಕೂಡಲೇ ಹಿಂದೆ ಮಣ್ಣು ತುಂಬಿಬಿಡೋಣ, ಸ್ಲ್ಯಾಬ್ ಆಮೇಲೆ ಹಾಕೋಣ ಅಂತ ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಇದು ಸರಿಯಾ?

ಇಬ್ಬರ ಜೊತೆಗೂ ಜಗಳ ಬೇಡ. ಕಾರಣ ಗೊತ್ತಾದರೆ ನಾನೇ ನಿಂತು ಹೇಳಬಹುದು.

ಸೈಟ್‌ಮೇಸ್ತ್ರಿ

ಮೇಡಂ, ನಿಮ್ಮ ಮೇಸ್ತ್ರಿ ಸುಮ್ನೆ ಹೇಳ್ತಿಲ್ಲ. ಮೇಲೆ ಏನೂ ಇಲ್ಲದ ತಡೆಗೋಡೆ, ಅಂದರೆ ರಿಟೇನಿಂಗ್ ವಾಲ್, ಅದಕ್ಕೆ ದಪ್ಪ ಕಂಬಿ ಮಣ್ಣಿನ ಕಡೆಯೇ ಬರಬೇಕು. ಅವರು ಮಾಡಿದ ಕೆಲಸವೆಲ್ಲ ಬಹುಶಃ ಆ ಥರದ್ದೇ ಇರುತ್ತದೆ. ಬೇಸ್‌ಮೆಂಟ್ ಗೋಡೆ ಬೇರೆ. ಲೆಕ್ಕ ಬಲ್ಲವರು ಬಿಡಿಸಿ ಹೇಳಲಿ. ಕೈಕೆಲಸದ ವಿಷಯ ನಾನು ಆಮೇಲೆ ಬರೀತೀನಿ.

ತೂಗುಗುಂಡು

ಸ್ಟ್ರಕ್ಚರಲ್ ಡಿಸೈನ್ ನನ್ನ ಕೆಲಸ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ: ಗೋಡೆಯ ಮೇಲ್ತುದಿಯನ್ನು ಯಾರು ಹಿಡಿದಿದ್ದಾರೆ?

ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಅದಕ್ಕೇ ಎಳೆತ ಬರುವ ಮುಖಕ್ಕೆ ಕಂಬಿ ಹಾಕುತ್ತೇವೆ. ಹಾಗಾಗಿ ಗೋಡೆ ಯಾವ ಕಡೆ ಬಾಗುತ್ತದೆ ಅಂತ ಮೊದಲು ನೋಡಬೇಕು.

ಮೇಲೆ ಸ್ಲ್ಯಾಬ್ ಇಲ್ಲದ ತಡೆಗೋಡೆ ಪಾಯದಿಂದ ಮೇಲೆದ್ದು ಒಂಟಿಯಾಗಿ ನಿಂತಿರುತ್ತದೆ. ಮಣ್ಣು ದಬ್ಬಿದಾಗ ಮೇಲ್ತುದಿ ಮುಂದಕ್ಕೆ ವಾಲುತ್ತದೆ. ಆಗ ಬುಡದಲ್ಲಿ, ಮಣ್ಣಿನ ಕಡೆಯ ಮುಖ ಎಳೆಯಲ್ಪಡುತ್ತದೆ. ಮೇಸ್ತ್ರಿ ಹೇಳುವುದು ಅಲ್ಲಿಗೆ ನೂರಕ್ಕೆ ನೂರು ಸರಿ.

ಬೇಸ್‌ಮೆಂಟ್ ಗೋಡೆಗೆ ಕೆಳಗೆ ಪಾಯ ಮತ್ತು ನೆಲದ ಕಾಂಕ್ರೀಟ್, ಮೇಲೆ ಸ್ಲ್ಯಾಬ್. ಎರಡೂ ತುದಿಯಲ್ಲಿ ಆಸರೆ. ಮಣ್ಣು ದಬ್ಬಿದಾಗ ನಡುಭಾಗ ಕೋಣೆಯ ಒಳಕ್ಕೆ ಉಬ್ಬುತ್ತದೆ. ಎಳೆತ ಬರುವುದು ಒಳಮುಖದಲ್ಲಿ. ನಿಮ್ಮ ಡ್ರಾಯಿಂಗ್‌ನಲ್ಲಿ ದಪ್ಪ ಕಂಬಿ ಒಳಗಡೆ ಇರುವುದು ಇದಕ್ಕೇ.

ಆದರೆ ಒಂದು ಮಾತು. ಗೋಡೆ ಮತ್ತು ಫೂಟಿಂಗ್ ಕೂಡುವ ಕಡೆ ಬಿಗಿಯಾಗಿದ್ದರೆ ಬುಡದಲ್ಲಿ ಮಣ್ಣಿನ ಕಡೆಗೂ ಎಳೆತ ಬರುತ್ತದೆ. ಅದಕ್ಕೆ ಫೂಟಿಂಗ್‌ನಿಂದ ಮೇಲೆ ಬರುವ ಸ್ಟಾರ್ಟರ್ ಕಂಬಿಗಳು ಮಣ್ಣಿನ ಕಡೆ ಇರಬೇಕು. ಡ್ರಾಯಿಂಗ್‌ನಲ್ಲಿ ಅವು ಇವೆಯಾ ನೋಡಿ. ಈಗ ಫೂಟಿಂಗ್ ಕಟ್ಟುತ್ತಿದ್ದಾರೆ ಅಂದಿರಿ. ಕಾಂಕ್ರೀಟ್ ಬಿದ್ದ ಮೇಲೆ ಸೇರಿಸಲು ಆಗದ ಕಂಬಿ ಅದು. ಇವತ್ತೇ ನೋಡಿ.

ಸ್ಲ್ಯಾಬ್‌ಗೆ ಮುಂಚೆ ಮಣ್ಣು ತುಂಬಬೇಡಿ. ತುಂಬಿದ ದಿನ ನಿಮ್ಮ ಗೋಡೆ ಬೇಸ್‌ಮೆಂಟ್ ಗೋಡೆಯಾಗಿ ಇರುವುದಿಲ್ಲ, ಒಂಟಿ ತಡೆಗೋಡೆ ಆಗಿಬಿಡುತ್ತದೆ. ಅದಕ್ಕೆ ಬೇಕಾದ ಕಂಬಿ ಅದರಲ್ಲಿ ಇಲ್ಲ.

ಮನೆಕನಸು

ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಸರ್. ಈಗಲೇ ಸೈಟಿಗೆ ಹೋಗಿ ಸ್ಟಾರ್ಟರ್ ಕಂಬಿ ನೋಡುತ್ತೇನೆ. ಸ್ವಲ್ಪ ಲೆಕ್ಕ ಹಾಕಿ ತೋರಿಸ್ತೀರಾ? "ತುಂಬಿದರೆ ಏನಾಗುತ್ತೆ, 250 ಮಿ.ಮೀ. ಗೋಡೆ ಇದೆಯಲ್ಲ" ಅಂತ ಕಂಟ್ರಾಕ್ಟರ್ ಕೇಳಿದರೆ ಹೇಳೋಕೆ ಒಂದು ಅಂಕಿ ಬೇಕು.

ತೂಗುಗುಂಡು

ಖಂಡಿತ. ಕೈಲೆಕ್ಕದಲ್ಲೇ ನೋಡೋಣ. ಮರಳು ಮಿಶ್ರಿತ ಮಣ್ಣು, ತೂಕ ಘನ ಮೀಟರ್‌ಗೆ 18 ಕಿಲೋನ್ಯೂಟನ್, ಘರ್ಷಣ ಕೋನ (ಮಣ್ಣಿನ ಕಣಗಳು ಜಾರದೆ ಒಂದನ್ನೊಂದು ಎಷ್ಟು ಹಿಡಿಯುತ್ತವೆ ಅನ್ನುವ ಅಳತೆ) 30 ಡಿಗ್ರಿ ಅಂತ ಇಟ್ಟುಕೊಳ್ಳಿ. ನೀರು ಇಲ್ಲ.

ಅಲುಗಾಡದ ಗೋಡೆಯ ಮೇಲೆ ಮಣ್ಣಿನ ತೂಕದ ಅರ್ಧದಷ್ಟು ಒತ್ತಡ ಅಡ್ಡಡ್ಡವಾಗಿ ಬರುತ್ತದೆ. ಮೇಲೆ ಸೊನ್ನೆ, ಕೆಳಗೆ ಹೋದ ಹಾಗೆ ಹೆಚ್ಚುತ್ತದೆ. 3 ಮೀಟರ್ ಬುಡದಲ್ಲಿ 0.5 × 18 × 3, ಅಂದರೆ ಚದರ ಮೀಟರ್‌ಗೆ 27 ಕಿಲೋನ್ಯೂಟನ್. ಈ ತ್ರಿಕೋನದ ಒಟ್ಟು ಬಲ, ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ 40.5 ಕಿಲೋನ್ಯೂಟನ್. ಹತ್ತಿರ ಹತ್ತಿರ ನಾಲ್ಕು ಟನ್. ಅದು ಬುಡದಿಂದ ಮೂರನೇ ಒಂದು ಭಾಗ ಎತ್ತರದಲ್ಲಿ, ಅಂದರೆ 1 ಮೀಟರ್ ಮೇಲೆ ದಬ್ಬುತ್ತದೆ.

ಸ್ಲ್ಯಾಬ್ ಇಲ್ಲದಿದ್ದರೆ ಬುಡದಲ್ಲಿ ಬೆಂಡಿಂಗ್ ಮೊಮೆಂಟ್, ಅಂದರೆ ಗೋಡೆಯನ್ನು ಬಾಗಿಸುವ ಪರಿಣಾಮ (ಬಲ × ದೂರ), 40.5 × 1 = 40.5 ಕಿಲೋನ್ಯೂಟನ್-ಮೀಟರ್.

ಮೇಲೆ ಕೆಳಗೆ ಆಸರೆ ಇದ್ದರೆ, ಬುಡ ಬಿಗಿ ಇಲ್ಲ ಅಂತ ಲೆಕ್ಕ ಹಾಕಿದರೂ, ಅತಿ ಹೆಚ್ಚಿನ ಮೊಮೆಂಟ್ 15.6 ಮಾತ್ರ. ಅದು ಬರುವುದು ಮೇಲಿನಿಂದ ಸುಮಾರು 1.73 ಮೀಟರ್ ಕೆಳಗೆ, ಒಳಮುಖದಲ್ಲಿ. ಬುಡ ಪೂರ್ತಿ ಬಿಗಿ ಅಂತ ಇಟ್ಟುಕೊಂಡರೆ ಬುಡದಲ್ಲಿ ಮಣ್ಣಿನ ಕಡೆ 16.2, ನಡುವೆ ಒಳಗಡೆ 7 ಚಿಲ್ಲರೆ. ನಿಜವಾದ ಗೋಡೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದಕ್ಕೇ ನಾವು ಎರಡೂ ಕಡೆಗೆ ಕಂಬಿ ಕೊಡುತ್ತೇವೆ.

40.5 ಎಲ್ಲಿ, 16 ಎಲ್ಲಿ? ಎರಡೂವರೆ ಪಟ್ಟು. ಕಂಟ್ರಾಕ್ಟರ್‌ಗೆ ಈ ಎರಡು ಅಂಕಿ ತೋರಿಸಿ. ಅದೂ ತುಂಬುವ ಹೊತ್ತಿಗೆ ಗೋಡೆಯ ಕಾಂಕ್ರೀಟ್ ಪೂರ್ತಿ ಬಲ ಬಂದಿರುವುದಿಲ್ಲ.

ಜಾಗದ ತೊಂದರೆಗೆ ಒಂದು ದಾರಿ ಇದೆ. ಒಂಟಿ ಗೋಡೆಗೆ ಬರುವ ಮೊಮೆಂಟ್ ಎತ್ತರದ ಘನದಂತೆ ಏರುತ್ತದೆ. ಅರ್ಧ ಎತ್ತರ, 1.5 ಮೀಟರ್ ಮಾತ್ರ ತುಂಬಿದರೆ ಮೊಮೆಂಟ್ ಎಂಟರಲ್ಲಿ ಒಂದು ಪಾಲು, 5 ಕಿಲೋನ್ಯೂಟನ್-ಮೀಟರ್ ಆಸುಪಾಸು. ಬುಡದಲ್ಲಿ ಮಣ್ಣಿನ ಕಡೆ ಸ್ಟಾರ್ಟರ್ ಇದ್ದು, ಕಾಂಕ್ರೀಟ್‌ಗೆ ಬಲ ಬಂದಿದ್ದರೆ ಅಷ್ಟನ್ನು ತಡೆಯುತ್ತದೆ. ಉಳಿದ ಅರ್ಧ ಸ್ಲ್ಯಾಬ್ ಹಾಕಿ, ಅದು ಗಟ್ಟಿಯಾದ ಮೇಲೆ. ನಿಮ್ಮ ಎಂಜಿನಿಯರ್ ಒಪ್ಪಿಗೆ ಮಾತ್ರ ತಗೊಳ್ಳಿ. ಅವರ ಮಣ್ಣು, ಅವರ ಕಂಬಿ ಅವರಿಗೆ ಗೊತ್ತು. ನಾನು ಇಲ್ಲಿ ಹಾಕಿದ ಲೆಕ್ಕಕ್ಕೆ ಕೋಡ್ ಹೇಳುವ ಸುರಕ್ಷತಾ ಗುಣಕ ಇನ್ನೂ ಸೇರಿಲ್ಲ.

ಇದೇ ಲೆಕ್ಕದಿಂದ ಇನ್ನೊಂದು ತಿಳಿಯುತ್ತದೆ. "ಬೇಸ್‌ಮೆಂಟ್ ಸ್ವಲ್ಪ ಎತ್ತರ ಮಾಡೋಣ" ಅಂತ ಮನೆಯವರು ನಡುವೆ ಹೇಳುವುದುಂಟು. 2.4 ಮೀಟರ್ ಇದ್ದದ್ದು 3 ಆದರೆ ಎರಡಡಿ ಹೆಚ್ಚಿದ್ದು ಅಷ್ಟೇ ಅನ್ನಿಸುತ್ತದೆ. ಮೊಮೆಂಟ್ ಹತ್ತಿರ ಹತ್ತಿರ ಎರಡು ಪಟ್ಟು ಆಗಿರುತ್ತದೆ.

ಮಣ್ಣುಪರೀಕ್ಷೆ

ತೂಗುಗುಂಡು ಅವರು 0.5 ಹಿಡಿದದ್ದು ನನಗೆ ತುಂಬಾ ಸಮಾಧಾನ ತಂದಿತು. ಎಷ್ಟೋ ಕಡೆ ಬೇಸ್‌ಮೆಂಟ್ ಗೋಡೆಗೆ 0.33 ಹಿಡಿದು ಡಿಸೈನ್ ಮಾಡಿರುವುದನ್ನು ನೋಡಿದ್ದೇನೆ. ಆ ಒಂದು ಅಂಕಿಯಿಂದ ಒತ್ತಡ ಮೂರನೇ ಒಂದು ಭಾಗ ಕಡಿಮೆ ಕಾಣುತ್ತದೆ.

ಎರಡಕ್ಕೂ ವ್ಯತ್ಯಾಸ ಏನು ಅಂತ ಹೇಳುತ್ತೇನೆ. ಫ್ರಾನ್ಸಿನ ಕೂಲಂಬ್ ಸೇನೆಯ ಎಂಜಿನಿಯರ್ ಆಗಿದ್ದವರು. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟುವ ಕೆಲಸ ನೋಡಿಕೊಂಡವರು. ಮಣ್ಣು ಗೋಡೆಯನ್ನು ಹೇಗೆ ದಬ್ಬುತ್ತದೆ ಅನ್ನುವ ಅವರ ಲೆಕ್ಕ 1776ರಲ್ಲಿ ಅಚ್ಚಾಯಿತು. 1857ರಲ್ಲಿ ರಾಂಕಿನ್ ಅದಕ್ಕೆ ಇನ್ನೊಂದು ಸರಳ ದಾರಿ ಕೊಟ್ಟರು. 30 ಡಿಗ್ರಿ ಮಣ್ಣಿಗೆ 0.33 ಬರುವುದು ಅಲ್ಲಿಂದ. ಇದನ್ನು ಆಕ್ಟಿವ್ ಒತ್ತಡ ಅನ್ನುತ್ತೇವೆ. ಆದರೆ ಅದಕ್ಕೆ ಒಂದು ಷರತ್ತು ಇದೆ. ಗೋಡೆ ಸ್ವಲ್ಪ ಮುಂದಕ್ಕೆ ಜರುಗಬೇಕು. ಜರುಗಿದಾಗ ಮಣ್ಣಿನ ಒಳಗಿನ ಘರ್ಷಣೆ ಎಚ್ಚೆತ್ತು ಮಣ್ಣು ತನ್ನ ಭಾರವನ್ನು ತಾನೇ ಸ್ವಲ್ಪ ಹೊರುತ್ತದೆ. ಮರಳು ಮಣ್ಣಿಗೆ ಎತ್ತರದ ಸಾವಿರದಲ್ಲಿ 1ರಿಂದ 4 ಪಾಲು ಜರುಗಬೇಕು. 3 ಮೀಟರ್ ಗೋಡೆಗೆ 3ರಿಂದ 12 ಮಿ.ಮೀ.

ತೋಟದ ತಡೆಗೋಡೆ ಅಷ್ಟು ವಾಲಿದರೆ ಯಾರಿಗೂ ಗೊತ್ತಾಗಲ್ಲ. ಬೇಸ್‌ಮೆಂಟ್ ಗೋಡೆಯನ್ನು ಸ್ಲ್ಯಾಬ್ ಹಿಡಿದುಕೊಂಡಿದೆ. ಅದು ಜರುಗೋದೇ ಇಲ್ಲ ಅಲ್ವಾ? ಹಾಗಾಗಿ ಮಣ್ಣು ನಿಂತಲ್ಲೇ ನಿಂತು ಪೂರ್ತಿ ದಬ್ಬುತ್ತದೆ. ಇದು ಅಟ್-ರೆಸ್ಟ್ ಒತ್ತಡ. 1944ರಲ್ಲಿ ಹಂಗೇರಿಯ ಯಾಕಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಒಂದರಿಂದ ಘರ್ಷಣ ಕೋನದ ಸೈನ್ ಕಳೆಯಿರಿ. 30 ಡಿಗ್ರಿಗೆ 0.5.

ಮನೆಕನಸು ಅವರೇ, ನಿಮ್ಮ ಸೈಟಿನ ಮಣ್ಣು ಯಾವುದು? ತೋಡಿದ ಗುಡ್ಡೆ ಬಿರುಕು ಬಿಟ್ಟಿದೆಯಾ? ಒದ್ದೆ ಮಾಡಿದರೆ ಕೈಗೆ ಅಂಟುತ್ತದಾ?

ಮನೆಕನಸು

ಮೇಲೆ ಕೆಂಪು ಮಣ್ಣು. ಒಂದೂವರೆ ಮೀಟರ್ ಕೆಳಗೆ ಕಪ್ಪು ಬಣ್ಣ, ಒಣಗಿದ ಗುಡ್ಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು.

ಮಣ್ಣುಪರೀಕ್ಷೆ

ಹಾಗಾದರೆ ಆ ಕಪ್ಪು ಮಣ್ಣನ್ನು ಗೋಡೆಯ ಹಿಂದೆ ವಾಪಸ್ ಹಾಕಬೇಡಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಉಬ್ಬುವಾಗ ಬರುವ ಒತ್ತಡಕ್ಕೆ ಮೇಲಿನ ತ್ರಿಕೋನದ ಲೆಕ್ಕ ನಡೆಯುವುದಿಲ್ಲ. ಅದು 27 ಕಿಲೋನ್ಯೂಟನ್ ಅನ್ನು ಸುಲಭವಾಗಿ ಮೀರಬಲ್ಲದು. ಕುಗ್ಗಿದಾಗ ಗೋಡೆಗೂ ಮಣ್ಣಿಗೂ ನಡುವೆ ಸಂದಿ ಬಿಡುತ್ತದೆ, ಮುಂದಿನ ಮಳೆ ನೀರು ನೇರವಾಗಿ ಬುಡಕ್ಕೆ ಇಳಿಯುತ್ತದೆ. ಮಣ್ಣು ಪರೀಕ್ಷೆಯಲ್ಲಿ ಉಬ್ಬುವ ಪ್ರಮಾಣ ನೋಡಲು ಹೇಳಿ. ಪಾಯಕ್ಕೂ ಅದು ಬೇಕು. ಎರೆಮಣ್ಣಿನ ಮೇಲೆ ಫೂಟಿಂಗ್ ಕೂತಿದ್ದರೆ ನೆಲವೂ ಏಳುತ್ತದೆ.

ಹಿಂದೆ ಮರಳು, ಜಲ್ಲಿ ಅಥವಾ ಗಟ್ಟಿ ಮೊರಂ ತುಂಬಿ. ಎಷ್ಟು ಅಗಲ ಅನ್ನುವುದು ಮುಖ್ಯ. ಗೋಡೆಗೆ ಅಂಟಿಕೊಂಡು ಒಂದಡಿ ಜಲ್ಲಿ ಹಾಕಿದರೆ ನೀರು ಇಳಿಯುತ್ತದೆ, ಆದರೆ ಅದರ ಹಿಂದಿನ ಎರೆಮಣ್ಣಿನ ಒತ್ತಡ ಹಾಗೇ ಬರುತ್ತದೆ. ಗೋಡೆಯ ಬುಡದಿಂದ 45 ಡಿಗ್ರಿ ಓರೆಯಾಗಿ ಮೇಲೆ ಹೋಗುವ ಗೆರೆ ಎಳೆಯಿರಿ. ಆ ಗೆರೆಯ ಒಳಗಿರುವ ಮಣ್ಣೆಲ್ಲ ಒಳ್ಳೆಯದಾಗಿರಬೇಕು. ಮೇಲಿನ ಒಂದಡಿ ಮಾತ್ರ ನೀರು ಇಳಿಯದ ಮಣ್ಣು ಹಾಕಿ ದಮ್ಮಸ್ಸು ಮಾಡಿ. ಮಳೆ ನೀರು ಮೇಲಿಂದ ಮೇಲೆ ಹರಿದುಹೋಗಲಿ.

ಹಳೆಮನೆ

ಈ ಚರ್ಚೆ ಓದಿ ಎದೆ ಧಸಕ್ಕೆಂದಿತು. ನಮ್ಮದು ಹಳೆಯ ಮನೆ. ಬೇಸ್‌ಮೆಂಟ್ ಗೋಡೆ ಹಾಲೋ ಬ್ಲಾಕಿನದು, ಒಳಗೆ ಕಂಬಿ ಇಲ್ಲ. ನೆಲದಿಂದ ಎದೆಮಟ್ಟದಲ್ಲಿ ಅಡ್ಡಕ್ಕೆ ಉದ್ದನೆಯ ಬಿರುಕು. ಎರಡೂ ಮೂಲೆಯ ಹತ್ತಿರ ಅದು ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗಿದೆ. ಗಿಲಾವು ಮಾಡಿಸಿ ಬಣ್ಣ ಹೊಡೆಸಿದ್ದೆವು, ಮಳೆಗಾಲ ಕಳೆದ ಮೇಲೆ ಮತ್ತೆ ಅದೇ ಗೆರೆ. ಏನು ಮಾಡಲಿ?

ತೂಗುಗುಂಡು

ಹಳೆಮನೆ ಅವರೇ, ಇದನ್ನು ಹಗುರವಾಗಿ ತಗೋಬೇಡಿ. ನೀವು ಹೇಳಿದ ಬಿರುಕು ಮಣ್ಣಿನ ಒತ್ತಡದ್ದೇ. ಮೇಲೆ ಕೆಳಗೆ ಆಸರೆ ಇದೆ, ನಡುವೆ ಒಳಕ್ಕೆ ಉಬ್ಬಿದೆ, ಒಳಮುಖ ಎಳೆದು ಸೀಳಿದೆ. ಕಂಬಿ ಯಾವ ಕಡೆ ಅಂತ ಮೇಲೆ ಕೇಳಿದ್ದಕ್ಕೆ ನಿಮ್ಮ ಗೋಡೆಯೇ ಸಾಕ್ಷಿ. ಮೂಲೆಯಲ್ಲಿ ಅಡ್ಡಗೋಡೆ ಹಿಡಿದುಕೊಂಡಿರುವುದರಿಂದ ಬಿರುಕು ನೇರ ಹೋಗದೆ ಓರೆಯಾಗಿದೆ. ಕುಗ್ಗುವಿಕೆಯಿಂದ ಬರುವ ಬಿರುಕು ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ನೆಟ್ಟಗೆ ಇರುತ್ತದೆ. ಅದಕ್ಕೆ ಇಷ್ಟು ಹೆದರಬೇಕಿಲ್ಲ.

ಇವತ್ತೇ ಮಾಡಬಹುದಾದದ್ದು ಇದು. ಸ್ಲ್ಯಾಬಿನ ಹತ್ತಿರ ಗೋಡೆಯ ಒಂದು ಮೊಳೆಗೆ ದಾರ ಕಟ್ಟಿ ತೂಗುಗುಂಡು ಇಳಿಬಿಡಿ. ದಾರ ಗೋಡೆಯಿಂದ ದೂರ ನಿಲ್ಲುವ ಹಾಗೆ ಮೇಲೆ ಒಂದು ಮರದ ತುಂಡು ಇಡಿ. ಗುಂಡು ಅಲ್ಲಾಡುವುದು ನಿಂತ ಮೇಲೆ ಮೇಲೆ, ಬಿರುಕಿನ ಹತ್ತಿರ, ಕೆಳಗೆ ದಾರಕ್ಕೂ ಗೋಡೆಗೂ ಇರುವ ಅಂತರ ಅಳೆದು ಬರೆದಿಡಿ. ಗೋಡೆಯ ಉದ್ದಕ್ಕೂ ನಾಲ್ಕಾರು ಕಡೆ ಹೀಗೆ ಅಳೆಯಿರಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ. ಮತ್ತೆ ಗಿಲಾವು ಮಾಡಿಸಬೇಡಿ. ಅದು ಬಿರುಕನ್ನು ಮುಚ್ಚುತ್ತದೆ, ಗೋಡೆಯನ್ನು ಹಿಡಿಯುವುದಿಲ್ಲ.

ಹೊರಗೆ ಆ ಗೋಡೆಯ ಪಕ್ಕ ತಾರಸಿ ನೀರಿನ ಪೈಪು ಬೀಳುತ್ತಿದ್ದರೆ ದೂರಕ್ಕೆ ತಿರುಗಿಸಿ. ಅಲ್ಲಿ ವಾಹನ ನಿಲ್ಲಿಸುತ್ತಿದ್ದರೆ ಇನ್ನು ಬೇಡ. ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಅಳತೆ ತೋರಿಸಿ. ಉಬ್ಬು ಎಷ್ಟಿದೆ ಅನ್ನುವುದರ ಮೇಲೆ ನೆಲದಿಂದ ಸ್ಲ್ಯಾಬಿನವರೆಗೆ ಉಕ್ಕಿನ ಕಂಬ ನಿಲ್ಲಿಸುವುದೋ, ಒಳಮುಖಕ್ಕೆ ಕಾರ್ಬನ್ ಫೈಬರ್ ಪಟ್ಟಿ ಅಂಟಿಸುವುದೋ, ಗೋಡೆಯನ್ನೇ ಬದಲಿಸುವುದೋ ಅಂತ ಅವರು ಹೇಳುತ್ತಾರೆ. ಒಳಗೆ ಆಸರೆ ಕೊಡದೆ ಹೊರಗೆ ಅಗೆಯಲು ಯಂತ್ರ ತರಿಸಬೇಡಿ. ಯಂತ್ರದ ಭಾರವೇ ಗೋಡೆಯನ್ನು ಬೀಳಿಸಬಹುದು.

ಒರತೆ

ನಾನು ಬೇಸ್‌ಮೆಂಟ್ ನೀರಿನ ಕೆಲಸ ಮಾಡುವವನು. ನೋಡಿದ ಮಟ್ಟಿಗೆ ಉಬ್ಬಿದ ಗೋಡೆಯ ಹಿಂದೆ ಹೆಚ್ಚುಕಮ್ಮಿ ಯಾವಾಗಲೂ ನೀರು ಇರುತ್ತದೆ. ತೂಗುಗುಂಡು ಅವರ ಲೆಕ್ಕಕ್ಕೆ ನೀರು ಸೇರಿಸಿ ನೋಡಿ. ಮಣ್ಣು ಮುಳುಗಿದಾಗ ಅದರ ಪಾಲು ಕಡಿಮೆಯಾಗುತ್ತದೆ, ಸುಮಾರು 15. ಆದರೆ ನೀರಿಗೆ ಅರ್ಧ ಪಾಲು, ಮೂರನೇ ಪಾಲು ಅಂತ ಇಲ್ಲ. 9.81 × 3, ಪೂರ್ತಿ 29.4. ಎರಡೂ ಸೇರಿ ಬುಡದಲ್ಲಿ 45ರ ಹತ್ತಿರ. 27 ಇದ್ದದ್ದು 45.

ನೀರು ಎಷ್ಟು ಅಗಲ ಇದೆ ಅನ್ನುವುದು ಲೆಕ್ಕಕ್ಕೇ ಬರಲ್ಲ. ಗೋಡೆಗೂ ಮಣ್ಣಿಗೂ ನಡುವೆ ಬೆರಳಗಲದ ಸಂದಿಯಲ್ಲಿ 3 ಮೀಟರ್ ನೀರು ನಿಂತರೂ ಒಂದು ಕೆರೆ ನಿಂತಷ್ಟೇ ಒತ್ತಡ. ಗೋಡೆ ದಪ್ಪ ಮಾಡುವ ಮುಂಚೆ ನೀರಿಗೆ ದಾರಿ ಮಾಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ದಾರಿ ಅಂದರೆ ಇಷ್ಟು. ಫೂಟಿಂಗ್ ಪಕ್ಕದಲ್ಲಿ 100 ಮಿ.ಮೀ. ತೂತಿನ ಪೈಪು. ಅದರ ಮಟ್ಟ ಒಳನೆಲದ ಮಟ್ಟಕ್ಕಿಂತ ಕೆಳಗಿರಬೇಕು, ಫೂಟಿಂಗ್ ತಳಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಪಾಯದ ಕೆಳಗಿನ ಮಣ್ಣು ಸಡಿಲವಾಗುತ್ತದೆ. 100ಕ್ಕೆ 1ರಷ್ಟು ಇಳಿಜಾರು. ಪೈಪಿನ ಸುತ್ತ ತೊಳೆದ ಜಲ್ಲಿ, ಜಲ್ಲಿಯ ಸುತ್ತ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆ ಇಲ್ಲದಿದ್ದರೆ ಸಣ್ಣ ಮಣ್ಣು ಜಲ್ಲಿ ಸಂದಿಗೆ ಇಳಿದು ಪೈಪು ಕಟ್ಟಿಕೊಳ್ಳುತ್ತದೆ. ಮೂಲೆಗಳಲ್ಲಿ ಮೇಲಕ್ಕೆ ಒಂದು ಪೈಪು ಬಿಡಿ, ಮುಂದೆ ನೀರು ಹಾಯಿಸಿ ತೊಳೆಯಲು ಬೇಕಾಗುತ್ತದೆ.

ತೂತು ಕೆಳಮುಖವಾಗಿ ಇರಬೇಕು. ಇದನ್ನು ಹೇಳಿದರೆ ಎಲ್ಲರೂ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ನೀರು ಕೆಳಗಿನಿಂದ ಏರುತ್ತಾ ಬರುತ್ತದೆ. ತೂತು ಕೆಳಗಿದ್ದರೆ ಬೇಗ ಒಳಗೆ ಹೊಕ್ಕು ಹರಿದುಹೋಗುತ್ತದೆ. ಮೇಲಿದ್ದರೆ ಪೈಪು ಮುಳುಗುವವರೆಗೆ ಕಾಯಬೇಕು.

ಮನೆಕನಸು ಅವರಿಗೆ ಇಳಿಜಾರು ಸೈಟು ಇರುವುದು ದೊಡ್ಡ ಅನುಕೂಲ. ಪೈಪಿನ ಬಾಯಿಯನ್ನು ಮುಂದಿನ ಬಯಲಿಗೆ ಬಿಡಿ, ಪಂಪು ಬೇಡ. ಸರಿಯಾಗಿ ಡ್ರೈನ್ ಮಾಡಿದರೆ ಗೋಡೆಗೆ ನೀರಿನ ಭಾರ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಮಣ್ಣುಪರೀಕ್ಷೆ

ಕೊನೆಯ ಮಾತು ನಾನು ಒಪ್ಪಲ್ಲ. ಡ್ರೈನ್ ಹಾಕಿ, ಬಹಳ ಚೆನ್ನಾಗಿ ಹಾಕಿ. ಆದರೆ ಮನೆ ಎರಡು ತಲೆಮಾರು ನಿಲ್ಲಬೇಕು. ಮಣ್ಣಿನೊಳಗೆ ಹೂತ ಪೈಪನ್ನು ಅಷ್ಟು ಕಾಲ ಯಾರು ತೊಳೆಯುತ್ತಾರೆ? ಬೇರು ಹೊಕ್ಕಿದರೂ, ಮೂಲೆಯಲ್ಲಿ ಹೂಳು ಕೂತರೂ ಒಳಗಿದ್ದವರಿಗೆ ತಿಳಿಯುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಪಂಪಿನ ಮೇಲೆ ನಿಂತ ಡ್ರೈನ್ ಆದರೆ ಗೋಡೆಗೆ ಪೂರ್ತಿ ನೀರಿನ ಭಾರ ಹಿಡಿಯಲೇಬೇಕು. ದೊಡ್ಡ ಮಳೆ ಬರುವ ರಾತ್ರಿಯೇ ಕರೆಂಟು ಹೋಗುತ್ತದೆ. ತಾನಾಗಿ ಬಯಲಿಗೆ ಹರಿಯುವ ಡ್ರೈನ್ ಆದರೆ ಎತ್ತರದ ಮೂರನೇ ಒಂದು ಭಾಗಕ್ಕಾದರೂ ನೀರು ಹಿಡಿಯಿರಿ.

ಅಂತರ್ಜಲ ಮೇಲಿರುವ ಜಾಗದಲ್ಲಿ ಗೋಡೆಯ ಜೊತೆ ನೆಲವನ್ನೂ ನೋಡಬೇಕು. 3 ಮೀಟರ್ ನೀರು ನೆಲದ ಸ್ಲ್ಯಾಬನ್ನು ಕೆಳಗಿನಿಂದ ಚದರ ಮೀಟರ್‌ಗೆ 29.4 ಕಿಲೋನ್ಯೂಟನ್ ಎತ್ತುತ್ತದೆ. 300 ಮಿ.ಮೀ. ದಪ್ಪದ ಕಾಂಕ್ರೀಟಿನ ತೂಕ 7.5 ಅಷ್ಟೇ. ಉಳಿದದ್ದನ್ನು ಮನೆಯ ಭಾರ ಒತ್ತಿ ಹಿಡಿಯಬೇಕು. ಮನೆ ಇನ್ನೂ ಮೇಲೆದ್ದಿಲ್ಲದ ಹೊತ್ತಿಗೆ ಹಳ್ಳದ ನೀರು ಎತ್ತುವುದನ್ನು ನಿಲ್ಲಿಸಿದರೆ ಖಾಲಿ ಬೇಸ್‌ಮೆಂಟ್ ತೇಲಿ ಏಳುತ್ತದೆ. ನಿಜವಾಗಿಯೂ ಏಳುತ್ತದೆ.

ಒರತೆ

ಪಂಪಿನ ಮಾತು ಒಪ್ಪಿದೆ. ಬಯಲಿಗೆ ಹರಿಯುವ ಡ್ರೈನ್ ವಿಷಯದಲ್ಲಿ ನನ್ನ ಮಾತು ಅದೇ. ಆದರೆ ಮೂರನೇ ಒಂದು ಭಾಗ ನೀರು ಹಿಡಿದರೆ ಕಂಬಿಯ ಖರ್ಚು ಹೆಚ್ಚೇನೂ ಏರಲ್ಲ. ಅದಕ್ಕೆ ಅಡ್ಡ ಬರುವುದಿಲ್ಲ.

ಸೈಟ್‌ಮೇಸ್ತ್ರಿ

ಹೇಳಿದ ಹಾಗೆ ಕೈಕೆಲಸದ ಮಾತು ಬರೀತೀನಿ. ಡ್ರಾಯಿಂಗ್ ಎಷ್ಟೇ ಚೆನ್ನಾಗಿರಲಿ, ಕಂಬಿ ಜಾಗದಲ್ಲಿ ನಿಲ್ಲದಿದ್ದರೆ ಏನೂ ಪ್ರಯೋಜನವಿಲ್ಲ.

250 ಮಿ.ಮೀ. ಗೋಡೆ, 40 ಮಿ.ಮೀ. ಕವರ್ (ಕಂಬಿಯ ಹೊರಗೆ ಅದನ್ನು ಮುಚ್ಚುವ ಕಾಂಕ್ರೀಟ್), 12 ಮಿ.ಮೀ. ಕಂಬಿ. ಮಣ್ಣಿನ ಕಡೆಯ ಮುಖದಿಂದ ಒಳಗಡೆಯ ಕಂಬಿಯ ನಡುವಿಗೆ 204 ಮಿ.ಮೀ. ಈ ದೂರವೇ ಗೋಡೆಯ ಬಲ. ಕಾಂಕ್ರೀಟ್ ಸುರಿಯುವಾಗ ಒಬ್ಬ ಕಂಬಿ ಹಿಡಿದು ಹತ್ತಿದ, ವೈಬ್ರೇಟರ್ ತಾಗಿತು, ಜಾಲರಿ ಗೋಡೆಯ ನಡುವಿಗೆ ಬಂತು ಅಂದುಕೊಳ್ಳಿ. 204 ಇದ್ದದ್ದು 125. ಕಂಬಿ ಅಷ್ಟೇ, ಕಾಂಕ್ರೀಟ್ ಅಷ್ಟೇ, ಬಲ ಮಾತ್ರ ಹತ್ತರಲ್ಲಿ ಆರು ಪಾಲು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಕಣ್ಣಿಗೆ ಏನೂ ಕಾಣಿಸಲ್ಲ. ಅದಕ್ಕೇ ಎರಡು ಜಾಲರಿಯ ನಡುವೆ ಚೇರ್ ಕಂಬಿ, ಎರಡೂ ಮುಖಕ್ಕೆ ಕವರ್ ಬ್ಲಾಕ್, ಮೀಟರಿಗೊಂದರಂತೆ ಕಟ್ಟಿಸಿ. ಪಲಕ ಮುಚ್ಚುವ ಮುಂಚೆ ನೀವೇ ಟೇಪ್ ಹಿಡಿದು ಅಳೆಯಿರಿ ಮೇಡಂ. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಸೆಂಟ್ರಿಂಗ್ ಗಟ್ಟಿ ಇರಲಿ. ಹಸಿ ಕಾಂಕ್ರೀಟ್ ನೀರಿನ ಹಾಗೆ ದಬ್ಬುತ್ತದೆ, ತೂಕ ಮಾತ್ರ ನೀರಿನ ಎರಡೂವರೆ ಪಟ್ಟು. 3 ಮೀಟರ್ ಒಂದೇ ಸಲ ಬೇಗ ಬೇಗ ಸುರಿದರೆ ಬುಡದಲ್ಲಿ ಚದರ ಮೀಟರ್‌ಗೆ 75 ಕಿಲೋನ್ಯೂಟನ್ ಬರಬಹುದು. ಮುಂದೆ ಜೀವಮಾನವಿಡೀ ಮಣ್ಣು ದಬ್ಬುವುದಕ್ಕಿಂತ ಜಾಸ್ತಿ! ಪದರ ಪದರವಾಗಿ ಸುರಿಯಿರಿ. ಕೆಳಗಿನ ಪದರ ಸೆಟ್ ಆಗುವ ಮುಂಚೆ ಮೇಲಿನದು ಬೀಳಬೇಕು. ವೈಬ್ರೇಟರ್ ಸೂಜಿ ಕೆಳಗಿನ ಪದರಕ್ಕೂ ಇಳಿಯಬೇಕು. ಇಲ್ಲಾಂದ್ರೆ ಅದೇ ಗೆರೆಯಲ್ಲಿ ನೀರು ಜಿನುಗುತ್ತೆ.

ಫೂಟಿಂಗ್‌ಗೂ ಗೋಡೆಗೂ ನಡುವಿನ ಜಾಯಿಂಟಿಗೆ ವಾಟರ್ ಸ್ಟಾಪರ್ ಪಟ್ಟಿ ಹಾಕಿ, ಹಳೆ ಕಾಂಕ್ರೀಟಿನ ಮುಖ ಕೆರೆದು ತೊಳೆಯಿರಿ. ಮಣ್ಣಿನ ಕಡೆಯ ಮುಖಕ್ಕೆ ವಾಟರ್‌ಪ್ರೂಫಿಂಗ್ ಆದ ಮೇಲೆ ಅದಕ್ಕೊಂದು ರಕ್ಷಣೆಯ ಹಾಳೆ ಬೇಕೇ ಬೇಕು. ಮಣ್ಣು ತುಂಬುವಾಗ ಒಂದು ಚೂಪು ಕಲ್ಲು ಸಾಕು ಅದನ್ನು ಹರಿಯಲು.

ಮನೆಕನಸು

ಎಲ್ಲರಿಗೂ ಧನ್ಯವಾದ. ಸೈಟಿಗೆ ಹೋಗಿ ಬಂದೆ. ಮಣ್ಣಿನ ಕಡೆ ಸ್ಟಾರ್ಟರ್ ಕಂಬಿ ಡ್ರಾಯಿಂಗ್‌ನಲ್ಲಿ ಇದೆ, ಕಟ್ಟಿಯೂ ಇದ್ದಾರೆ. ಮೇಸ್ತ್ರಿಗೆ ಕಾಗದದಲ್ಲಿ ಗೋಡೆ ಬಾಗುವುದನ್ನು ಬರೆದು ತೋರಿಸಿದೆ. ಒಂದು ನಿಮಿಷ ನೋಡಿ "ಮೇಲೆ ಸ್ಲ್ಯಾಬ್ ಹಿಡಿಯುತ್ತೆ ಅಂದಮೇಲೆ ಸರಿ" ಅಂದರು.

ಅವರೇ ಇನ್ನೊಂದು ಪ್ರಶ್ನೆ ಕೇಳಿದರು. ನಮ್ಮ ಮೆಟ್ಟಿಲು ಹಿಂದಿನ ಗೋಡೆಗೆ ಅಂಟಿಕೊಂಡು ಇಳಿಯುತ್ತದೆ. ಸುಮಾರು 3.5 ಮೀಟರ್ ಉದ್ದ ಅಲ್ಲಿ ಸ್ಲ್ಯಾಬೇ ಇಲ್ಲ. ಆ ಭಾಗದಲ್ಲಿ ಗೋಡೆಯನ್ನು ಮೇಲೆ ಯಾರು ಹಿಡಿಯುತ್ತಾರೆ ಅಂತ ಕೇಳಿದರು. ನನಗೆ ಉತ್ತರ ಗೊತ್ತಾಗಲಿಲ್ಲ.

ತೂಗುಗುಂಡು

ನಿಮ್ಮ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸಿ. ಇಡೀ ಚರ್ಚೆಯಲ್ಲಿ ಇದು ಅತಿ ಒಳ್ಳೆಯ ಪ್ರಶ್ನೆ. ಆರ್ಕಿಟೆಕ್ಟ್ ಮೆಟ್ಟಿಲು ಎಲ್ಲಿ ಚಂದ ಅಂತ ನೋಡುತ್ತಾರೆ, ಎಂಜಿನಿಯರ್ ಗೋಡೆಯ ಒಂದು ಸೆಕ್ಷನ್ ಲೆಕ್ಕ ಹಾಕುತ್ತಾರೆ. ಇಬ್ಬರ ನಡುವೆ ಈ 3.5 ಮೀಟರ್ ಕಳೆದುಹೋಗುತ್ತದೆ.

ಸ್ಲ್ಯಾಬ್ ಇದ್ದ ಕಡೆ ಅದು ಗೋಡೆಯ ತಲೆಯನ್ನು ಪ್ರತಿ ಮೀಟರಿಗೆ 13.5 ಕಿಲೋನ್ಯೂಟನ್ ವರೆಗೆ ಒತ್ತಿ ಹಿಡಿಯುತ್ತದೆ. ಮೆಟ್ಟಿಲ ಜಾಗದಲ್ಲಿ ಆ ಬಲ ಕೊಡುವವರು ಬೇಕು. ಒಂದು ದಾರಿ, ಗೋಡೆಯ ಮೇಲ್ತುದಿಯಲ್ಲೇ ಅಡ್ಡಕ್ಕೆ ಕೆಲಸ ಮಾಡುವ ಬೀಮ್. ಅದು ಎರಡೂ ಬದಿಯ ಸ್ಲ್ಯಾಬಿನ ನಡುವೆ 3.5 ಮೀಟರ್ ಹಾಯುತ್ತದೆ. ಮೊಮೆಂಟ್ 13.5 × 3.5 × 3.5 ÷ 8, ಸುಮಾರು 20.7. ಇದಕ್ಕೆ ಕಂಬಿ ಬೀಮಿನ ಕೆಳಗೆ ಅಲ್ಲ, ಪಕ್ಕಕ್ಕೆ, ಕೋಣೆಯ ಕಡೆ ಬರಬೇಕು. ಕಂಬಿ ಕಟ್ಟುವವರಿಗೆ ನಿಂತು ತೋರಿಸಬೇಕಾದ ಜಾಗ ಇದು.

ನನಗೆ ಜಾಸ್ತಿ ಇಷ್ಟವಾದ ದಾರಿ ಬೇರೆ. ಮೆಟ್ಟಿಲನ್ನು ಗೋಡೆಯಿಂದ ಒಂದು ಮೀಟರ್ ಈಚೆಗೆ ತನ್ನಿ. ಗೋಡೆಗೂ ಮೆಟ್ಟಿಲಿಗೂ ನಡುವೆ ಸ್ಲ್ಯಾಬಿನ ಪಟ್ಟಿ ಉಳಿಯುತ್ತದೆ. ಅದೇ ಮಲಗಿದ ಬೀಮಾಗಿ ಗೋಡೆಯನ್ನು ಹಿಡಿಯುತ್ತದೆ. ಒಂದು ಮೀಟರ್ ಆಳದ ಬೀಮ್ ಸುಮ್ನೆ ಸಿಕ್ಕ ಹಾಗೆ. ಗೋಡೆ ಪಕ್ಕದಲ್ಲಿ ಗಾಳಿ-ಬೆಳಕಿಗೆ, ಪೈಪಿಗೆ ಅಂತ ಬಿಡುವ ತೆರವುಗಳಿಗೂ ಇದೇ ಮಾತು.

ಇನ್ನೊಂದು. ನಿಮ್ಮ ಮುಂದಿನ ಕಡೆ ಬಯಲು. ಪಕ್ಕದ ಎರಡು ಗೋಡೆಯ ಒತ್ತಡ ಒಂದಕ್ಕೊಂದು ಎದುರು ನಿಂತು ಸರಿಹೋಗುತ್ತದೆ. ಹಿಂದಿನ ಗೋಡೆಯ ಒತ್ತಡಕ್ಕೆ ಎದುರಾಳಿ ಇಲ್ಲ. 9 ಮೀಟರ್ ಉದ್ದ ಇದ್ದರೆ 364 ಕಿಲೋನ್ಯೂಟನ್, ಇಡೀ ಮನೆಯನ್ನು ಮುಂದಕ್ಕೆ ದಬ್ಬುತ್ತದೆ. ಸ್ಲ್ಯಾಬ್ ಅದನ್ನು ಪಕ್ಕದ ಗೋಡೆಗಳಿಗೆ ದಾಟಿಸಬೇಕು, ಅವು ಪಾಯಕ್ಕೆ, ಪಾಯ ನೆಲದ ಘರ್ಷಣೆಗೆ. ಮನೆ ಪೂರ್ತಿ ಎದ್ದ ಮೇಲೆ ಅದರ ಭಾರಕ್ಕೆ ಇದು ದೊಡ್ಡದಲ್ಲ. ಬೇಸ್‌ಮೆಂಟ್ ಮಾತ್ರ ಇರುವಾಗ ಜಾರುವ ಲೆಕ್ಕ ಒಮ್ಮೆ ನೋಡಿಸಿ. ಒಂದೂವರೆ ಪಟ್ಟಾದರೂ ಸುರಕ್ಷತೆ ಉಳಿಯಬೇಕು.

ಮನೆಕನಸು

ಎಂಜಿನಿಯರ್ ಮತ್ತು ಆರ್ಕಿಟೆಕ್ಟ್ ಇಬ್ಬರನ್ನೂ ಕೂರಿಸಿ ಮಾತಾಡಿದೆವು. ಮೆಟ್ಟಿಲು ಈಚೆಗೆ ಬರುತ್ತದೆ. ಕಪ್ಪು ಮಣ್ಣು ಸೈಟಿನಿಂದ ಹೊರಗೆ ಹೋಗುತ್ತದೆ, ಹಾಗಾಗಿ ಜಲ್ಲಿ ಇಳಿಸುವ ಜಾಗದ ತೊಂದರೆಯೂ ಅರ್ಧ ತೀರಿತು. ಸ್ಲ್ಯಾಬ್‌ಗೆ ಮುಂಚೆ ಒಂದೂವರೆ ಮೀಟರ್ ಮಾತ್ರ ತುಂಬಲು ಒಪ್ಪಿಗೆ ಕೊಟ್ಟಿದ್ದಾರೆ. ತುಂಬುವಾಗ ಯಾವ ಕಡೆಯಿಂದ ಶುರು ಮಾಡಬೇಕು? ರೋಲರ್ ಓಡಿಸಬಹುದಾ?

ಸೈಟ್‌ಮೇಸ್ತ್ರಿ

ರೋಲರ್ ಬೇಡ. ಗೋಡೆ ಎಷ್ಟು ಎತ್ತರವೋ ಅಷ್ಟು ದೂರದ ಒಳಗೆ ಭಾರದ ಯಂತ್ರ ಯಾವುದೂ ಬರಬಾರದು. ಜೆಸಿಬಿಯವರು "ಒಂದೇ ಸಲ ತಳ್ಳಿಬಿಡ್ತೀನಿ" ಅಂತಾರೆ, ಒಪ್ಪಬೇಡಿ. ದೂರದಲ್ಲಿ ಸುರಿಸಿ, ಕೈಯಲ್ಲಿ ಎಳೆಸಿ, ಸಣ್ಣ ಪ್ಲೇಟ್ ಕಾಂಪ್ಯಾಕ್ಟರ್‌ನಲ್ಲಿ ದಮ್ಮಸ್ಸು ಮಾಡಿಸಿ. ಅತಿಯಾಗಿಯೂ ಹೊಡೆಸಬೇಡಿ, ಹೆಚ್ಚು ಹೊಡೆದಷ್ಟೂ ಗೋಡೆಗೆ ಅಡ್ಡ ಒತ್ತಡ ಏರಿ ಹಾಗೇ ಉಳಿಯುತ್ತೆ.

ಪಕ್ಕದ ಎರಡು ಗೋಡೆಗೂ ಸಮಸಮವಾಗಿ ತುಂಬಬೇಕು. ಒಂದು ಕಡೆ ಪೂರ್ತಿ ತುಂಬಿ ಆಮೇಲೆ ಇನ್ನೊಂದು ಕಡೆ ಹೋಗಬಾರದು. ಎರಡರ ಮಟ್ಟಕ್ಕೆ ಒಂದಡಿ, ಒಂದೂವರೆ ಅಡಿಗಿಂತ ಹೆಚ್ಚು ವ್ಯತ್ಯಾಸ ಬೇಡ. ವಾಟರ್‌ಪ್ರೂಫಿಂಗ್‌ನ ರಕ್ಷಣೆ ಹಾಳೆ ಹಾಕಿದ ಮೇಲೆ, ಮಣ್ಣು ಬೀಳುವ ಮುಂಚೆ, ಅದರ ಮೇಲೆ 200 ಮಿ.ಮೀ.ಗೆ ಒಂದರಂತೆ ಬಣ್ಣದಲ್ಲಿ ಅಡ್ಡ ಗೆರೆ ಎಳೆಸಿ. ಮೂರೂ ಗೋಡೆಗೆ ಒಂದೇ ಮಟ್ಟದಲ್ಲಿ. ಒಂದು ಗೆರೆ ಮುಚ್ಚುವಷ್ಟು ಮಣ್ಣು, ದಮ್ಮಸ್ಸು, ಆಮೇಲೆ ಮುಂದಿನ ಗೆರೆ. 1.5 ಮೀಟರಿನ ಗೆರೆಯನ್ನು ಮಾತ್ರ ಕೆಂಪು ಬಣ್ಣದಲ್ಲಿ ಎಳೆಸಿ. ನೀವು ಇಲ್ಲದ ದಿನವೂ ಅಲ್ಲಿಗೆ ನಿಲ್ಲಬೇಕು ಅಂತ ಕೆಲಸದವರಿಗೆ ಗೊತ್ತಾಗುತ್ತೆ.